ಗುರುಗ್ರಾಮದ ಆರ್‌ಎಸ್, ಆಲ್ದೂರಿನ ಖರೀದಿದಾರ: ಗಾಡಿಯನ್ನು ಯಾರ ಕಣ್ಣಲ್ಲಿ ನೋಡಬೇಕು?

ಪ್ರಶ್ನೆ: ಆಲ್ದೂರಿನ ಹತ್ತಿರ ನಮ್ಮ ಕಾಫಿ ತೋಟ ಇದೆ. ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಾರಿನ ಮೇಲೆ ಬಹಳ ವರ್ಷದ ಆಸೆ. ಗುರುಗ್ರಾಮದಲ್ಲಿ 2018ರ ಗಾಡಿ ಒಂದು ಸಿಕ್ಕಿದೆ. ಈಗಿನವರು ಎರಡನೇ ಮಾಲೀಕರು, ನಾಲ್ಕು ವರ್ಷದಿಂದ ಅವರ ಬಳಿ ಇದೆ. 46,000 ಕಿ.ಮೀ. ಓಡಿದೆ ಅಂತಾರೆ. ಹಿಂದೆ ಪವರ್ ಹೆಚ್ಚಿಸಲು ಇಂಜಿನ್ ಸಾಫ್ಟ್‌ವೇರ್ ಬದಲಿಸುವ ಸ್ಟೇಜ್ 1 ಟ್ಯೂನ್ ಮಾಡಿಸಿದ್ದರಂತೆ, ಈಗ ತೆಗೆಸಿ ಕಂಪನಿ ಸೆಟ್ಟಿಂಗ್‌ಗೆ ತಂದಿದ್ದಾರಂತೆ. 200 ಅಂಶಗಳ ಇನ್‌ಸ್ಪೆಕ್ಷನ್ ರಿಪೋರ್ಟ್ ಕಳಿಸಿದ್ದಾರೆ, ಎಲ್ಲಾ ಹಸಿರು ಟಿಕ್. ಬೇಗ ಟೋಕನ್ ಹಾಕಿ ಎನ್ನುತ್ತಿದ್ದಾರೆ. ಈ ರಿಪೋರ್ಟ್ ಸಾಕಾ? ಇಲ್ಲಿಂದಲೇ ಗಾಡಿ ಪರೀಕ್ಷೆ ಮಾಡಿಸುವುದು ಹೇಗೆ? ಫೋಟೋಗಳು, ಇನ್ಶೂರೆನ್ಸ್ ಪ್ರತಿ ಜೊತೆಗಿವೆ.

ಉತ್ತರ:

ಸಾಲದು. ನೀವು ಬೆಳೆಗಾರರು, ಹಾಗಾಗಿ ನಿಮಗೆ ಇದನ್ನು ಹೇಳುವುದು ಸುಲಭ. ಒಣಗಿಸಿದ ಚೆರ್ರಿ ಮಾರುವಾಗ ವ್ಯಾಪಾರಿ ನಿಮ್ಮ ಬಾಯಿಮಾತಿಗೆ ದುಡ್ಡು ಎಣಿಸುತ್ತಾನಾ? ಮೂಟೆಯಿಂದ ತಾನೇ ಸ್ಯಾಂಪಲ್ ತೆಗೆಯುತ್ತಾನೆ. ತನ್ನ ಮೀಟರಿನಲ್ಲೇ ತೇವಾಂಶ ನೋಡುತ್ತಾನೆ. ಔಟ್‌ಟರ್ನ್ (ಚೆರ್ರಿಯಿಂದ ಸಿಗುವ ಬೀಜದ ಪ್ರಮಾಣ) ಎಷ್ಟು ಬರುತ್ತದೆ ಅಂತ ತಾನೇ ಲೆಕ್ಕ ಹಾಕುತ್ತಾನೆ. ನೀವೇ ಬರೆದ ಚೀಟಿ ತೋರಿಸಿದರೆ ನಕ್ಕುಬಿಡುತ್ತಾನೆ. ನಿಮಗೆ ಬಂದಿರುವ ರಿಪೋರ್ಟ್ ಅಂಥದ್ದೇ ಚೀಟಿ. ಅದನ್ನು ಮಾಡಿಸಿದ್ದು ಮಾರುವವರು, ದುಡ್ಡು ಕೊಟ್ಟದ್ದೂ ಅವರೇ.

ಅದರಲ್ಲಿ ಸುಳ್ಳೇ ಇದೆ ಅಂತ ನಾನು ಹೇಳುತ್ತಿಲ್ಲ. ಕೂತು ಪೂರ್ತಿ ಓದಿದೆ. ವೈಪರ್ ಓಡುತ್ತದೆ, ಹಾರ್ನ್ ಕೂಗುತ್ತದೆ, ನಾಲ್ಕೂ ಪವರ್ ವಿಂಡೋ ಏರಿ ಇಳಿಯುತ್ತವೆ. ಎಲ್ಲಾ ನಿಜ ಇರಬಹುದು. ಆದರೆ ಆ ಪಟ್ಟಿಯಲ್ಲಿ ವೈಪರಿಗೂ ಒಂದೇ ಟಿಕ್, ಟರ್ಬೊಗೂ ಒಂದೇ ಟಿಕ್. ಮನೆಮಂದಿ ಓಡಿಸುವ ಸಣ್ಣ ಕಾರಿಗೆ ಆ ಪಟ್ಟಿ ಸಾಕು. 230 ಪಿಎಸ್ ಇರುವ 2.0 ಲೀಟರ್ ಟರ್ಬೊ ಗಾಡಿಗೆ, ಅದೂ ಒಮ್ಮೆ ಟ್ಯೂನ್ ಆಗಿದ್ದ ಗಾಡಿಗೆ, ದುಡ್ಡು ತಿನ್ನುವ ಜಾಗ ಏಳೆಂಟೇ. ಅಷ್ಟನ್ನು ಚೆನ್ನಾಗಿ ನೋಡಿಸಿದರೆ ಆಯಿತು, ಉಳಿದ 190 ಟಿಕ್ ಬಿಟ್ಟುಬಿಡಿ.

ಇದನ್ನು ನಾನು ಕಲಿತದ್ದು ಕೈ ಸುಟ್ಟುಕೊಂಡೇ. 2019ರ ಬೇಸಿಗೆಯಲ್ಲಿ ಹಾಸನದ ನನ್ನ ಗ್ಯಾರೇಜಿಗೆ ಅಂತ ಕೇರಳದ ಒಬ್ಬ ಡೀಲರ್ ಹತ್ತಿರ ಪೋಲೊ ಜಿಟಿ ಟಿಎಸ್‌ಐ ಕೊಂಡೆ. ಫೋಟೋ ಚೆನ್ನಾಗಿತ್ತು, ರಿಪೋರ್ಟ್ ಇದಕ್ಕಿಂತ ಉದ್ದ ಇತ್ತು. ಟ್ರಕ್ಕಿನಲ್ಲಿ ಬಂದು ಇಳಿಯಿತು. ಸೀಟ್ ಬೆಲ್ಟ್ ಪೂರ್ತಿ ಎಳೆದೆ. ಕೊನೆಯ ಒಂದು ಗೇಣು ಬೆಲ್ಟಿನಲ್ಲಿ ಕೆಂಪು ಗೆರೆ ಇತ್ತು. 2018ರ ಆಗಸ್ಟಿನ ನೆರೆ ನೀರು ಅಲ್ಲಿಯವರೆಗೆ ನಿಂತಿತ್ತು! ಹೊರಗಿನ ಬೆಲ್ಟ್ ತೊಳೆದಿದ್ದರು, ಒಳಗೆ ಸುತ್ತಿಕೊಂಡದ್ದನ್ನು ಎಳೆದು ನೋಡುವ ಗೋಜಿಗೆ ಯಾರೂ ಹೋಗಿರಲಿಲ್ಲ. ಆ ಗಾಡಿಯ ಏಳು ಗೇರಿನ ಡಿಎಸ್‌ಜಿ, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಮಳೆಗಾಲ ಕಾಣಲಿಲ್ಲ. ನಾನು ಮೆಕ್ಯಾನಿಕ್ ಆಗಿದ್ದೂ ಮೋಸ ಹೋದೆ. ನೋಡಿದ್ದು ನನ್ನ ಕಣ್ಣಲ್ಲ, ಮಾರಿದವನು ಕಳಿಸಿದ ಕಣ್ಣು.

ಹಾಗಾಗಿ ಮೊದಲ ಕೆಲಸ, ಗುರುಗ್ರಾಮದಲ್ಲಿ ನಿಮ್ಮ ಕಡೆಯ ಒಬ್ಬರನ್ನು ಹುಡುಕುವುದು. ಮಾರುವವರು "ನಮ್ಮ ಪರಿಚಯದ ಒಳ್ಳೆ ಗ್ಯಾರೇಜ್ ಇದೆ" ಅಂದರೆ ಥ್ಯಾಂಕ್ಸ್ ಹೇಳಿ, ಅಲ್ಲಿಗೆ ಮಾತ್ರ ಬೇಡ. ಮನೆಗೇ ಬಂದು ನೋಡುವ ಇನ್‌ಸ್ಪೆಕ್ಷನ್ ಕಂಪನಿಗಳವರು ಬಾಡಿ, ಟೈರು, ಲೈಟು ಚೆನ್ನಾಗಿ ನೋಡುತ್ತಾರೆ. ಆದರೆ ಅವರ ಬಳಿ ಲಿಫ್ಟ್ ಇರುವುದಿಲ್ಲ. ಗಾಡಿಯ ಹೊಟ್ಟೆ ನೋಡದೆ ಇಂಥ ಕಾರು ಕೊಳ್ಳಬಾರದು. ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಲಿಫ್ಟ್ ಇದೆ, ಸರಿಯಾದ ಸ್ಕ್ಯಾನರ್ ಇದೆ, ಚಾಸಿಸ್ ನಂಬರ್ ಹಾಕಿದರೆ ಹಳೇ ಸರ್ವಿಸ್ ಹಿಸ್ಟರಿ ಕೂಡ ಬರುತ್ತದೆ. ಆದರೆ ಮಾಲೀಕರು ಜೊತೆಗಿಲ್ಲದೆ ಅದನ್ನು ನಿಮಗೆ ಕೊಡುವುದಿಲ್ಲ. ನನ್ನ ಆಯ್ಕೆ ಕೇಳಿದರೆ, ಫೋಕ್ಸ್‌ವ್ಯಾಗನ್, ಸ್ಕೋಡಾ, ಆಡಿ ಗಾಡಿಗಳನ್ನೇ ಮಾಡುವ ಹೊರಗಿನ ಗ್ಯಾರೇಜ್. ಆ ಗಾಡಿಗಳ ಕಾಯಿಲೆ ಅವರಿಗೆ ಬಾಯಿಪಾಠ.

ಅಂಥವರನ್ನು ಫೋನಿನಲ್ಲೇ ಪರೀಕ್ಷೆ ಮಾಡಬಹುದು. ಒಂದೇ ಪ್ರಶ್ನೆ ಕೇಳಿ: "ಈ ಇಂಜಿನ್‌ನಲ್ಲಿ ಕೂಲಂಟ್ ಎಲ್ಲಿ ಸೋರುತ್ತೆ?" ಗೊತ್ತಿರುವವರು ತಕ್ಷಣ ವಾಟರ್ ಪಂಪ್, ಥರ್ಮೋಸ್ಟಾಟ್ ಹೌಸಿಂಗ್ ಅಂತ ಹೇಳುತ್ತಾರೆ. ಅದು ಪ್ಲಾಸ್ಟಿಕ್ಕಿನದ್ದು, ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗೆ ಅಡಗಿ ಕೂತಿರುತ್ತದೆ. ಬಿಸಿ ತಿಂದು ತಿಂದು ಸೋರಲು ಶುರುವಾಗುತ್ತದೆ. "ಎಲ್ಲಾ ನೋಡ್ತೀವಿ ಸರ್, ಚಿಂತೆ ಬೇಡ" ಅನ್ನುವವರಿಗೆ ನಮಸ್ಕಾರ ಹೇಳಿ ಫೋನ್ ಇಡಿ. ಸರಿಯಾದವರಿಗೆ ಅರ್ಧ ದಿನದ ಕೂಲಿ ಅಂತ ಎಂಟು ಹತ್ತು ಸಾವಿರ ಹೋದರೂ ಚೌಕಾಸಿ ಮಾಡಬೇಡಿ. ಇಡೀ ವ್ಯವಹಾರದಲ್ಲಿ ಅಗ್ಗವಾದ ಖರ್ಚು ಅದೇ.

ಈಗ ಅವರ ಹತ್ತಿರ ಏನು ಮಾಡಿಸಬೇಕು?

ಎಲ್ಲಕ್ಕಿಂತ ಮುಖ್ಯ, ಇಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡುವುದು. ಗಾಡಿ ರಾತ್ರಿಯಿಡೀ ನಿಂತಿರಬೇಕು. ಮಾರುವವರು "ನಿಮಗೆ ತೊಂದರೆ ಬೇಡ ಅಂತ ನಾನೇ ಒಂದು ರೌಂಡ್ ಓಡಿಸಿ ತಂದೆ" ಅಂದರೆ ಅವತ್ತು ಪರೀಕ್ಷೆ ರದ್ದು. ಬಿಸಿ ಇಂಜಿನ್ ಎಷ್ಟೋ ಗುಟ್ಟು ಮುಚ್ಚಿಡುತ್ತದೆ. ಬಾನೆಟ್ ಮುಟ್ಟಿ ನೋಡಿದರೆ ಸಾಲದು, ಬೆಳಗಿನ ಬಿಸಿಲಿಗೂ ಅದು ಕಾಯುತ್ತದೆ. ಸ್ಕ್ಯಾನರ್ ಹಾಕಿ ಕೂಲಂಟ್, ಆಯಿಲ್, ಒಳಬರುವ ಗಾಳಿ, ಈ ಮೂರರ ಟೆಂಪರೇಚರ್ ನೋಡಲಿ. ಮೂರೂ ಹೆಚ್ಚುಕಡಿಮೆ ಒಂದೇ ಇದ್ದರೆ ಗಾಡಿ ನಿಜವಾಗಿ ತಣ್ಣಗಿದೆ. ಹೊರಗೆ 15 ಡಿಗ್ರಿ, ಆಯಿಲ್ 40 ಅಂದರೆ ಯಾರೋ ಆಗಲೇ ಓಡಿಸಿದ್ದಾರೆ ಅಂತ ಅರ್ಥ. ಸ್ಟಾರ್ಟ್ ಆದ ಮೊದಲ ಎರಡು ಮೂರು ಸೆಕೆಂಡ್ ಟೈಮಿಂಗ್ ಚೈನ್ ಕಡೆಯಿಂದ ಕಟಕಟ ಸದ್ದು ಬಂತಾ? ಸೈಲೆನ್ಸರಿನಲ್ಲಿ ನೀಲಿ ಹೊಗೆ ಬಂತಾ? ಇದನ್ನೆಲ್ಲ ನಡುವೆ ಕತ್ತರಿಸದ ಒಂದೇ ವಿಡಿಯೋದಲ್ಲಿ ನಿಮಗೆ ಕಳಿಸಲಿ. ವಿಡಿಯೋ ಕಾಲ್ ಬೇರೆ, ಈ ರೆಕಾರ್ಡಿಂಗ್ ಬೇರೆ. ಕಾಲ್‌ನಲ್ಲಿ ಸದ್ದು ಸರಿಯಾಗಿ ಕೇಳಿಸುವುದಿಲ್ಲ, ಅದರಲ್ಲೂ ಆಲ್ದೂರಿನ ನೆಟ್‌ವರ್ಕಿನಲ್ಲಿ!

ಆಮೇಲೆ ಸ್ಕ್ಯಾನ್. ಎರರ್ ಕೋಡ್ ಇಲ್ಲ ಅಂದರೆ ಖುಷಿಪಡಬೇಡಿ. ಬರುವ ಮುಂಚೆ ಅಳಿಸಿರಬಹುದು. ಹಾಗೆ ಅಳಿಸಿದಾಗ ರೆಡಿನೆಸ್ ಮಾನಿಟರ್‌ಗಳು, ಅಂದರೆ ಗಾಡಿ ತನ್ನನ್ನು ತಾನೇ ಪರೀಕ್ಷಿಸಿಕೊಂಡ ದಾಖಲೆಗಳು ಕೂಡ ಸೊನ್ನೆಗೆ ಬಂದಿರುತ್ತವೆ. ಒಂದಷ್ಟು ದಿನ ಓಡಿದ ಮೇಲೆ ಮಾತ್ರ ಅವು ಮತ್ತೆ ಪೂರ್ತಿಯಾಗುತ್ತವೆ. ಅವು ಅರ್ಧಂಬರ್ಧ ಇದ್ದು ಕೋಡ್ ಒಂದೂ ಇಲ್ಲ ಅಂದರೆ ಮನೆ ಗುಡಿಸಿ ಅತಿಥಿಯನ್ನು ಕರೆದ ಹಾಗೆ. ಕಿ.ಮೀ. ಲೆಕ್ಕವೂ ಇಲ್ಲೇ ಸಿಗಬಹುದು. ಮೀಟರ್ ಬೋರ್ಡಿನಲ್ಲಿ ಅಂಕಿ ತಿರುಗಿಸುವುದು ದೊಡ್ಡ ವಿದ್ಯೆ ಏನಲ್ಲ. ಆದರೆ ಬೇರೆ ಕಂಟ್ರೋಲ್ ಯೂನಿಟ್‌ಗಳಲ್ಲಿ ಹಳೇ ಎರರ್ ಉಳಿದಿದ್ದರೆ ಅದು ಬಂದಾಗ ಗಾಡಿ ಎಷ್ಟು ಓಡಿತ್ತು ಅಂತಲೂ ಬರೆದಿರುತ್ತದೆ. ಮೀಟರಿನಲ್ಲಿ 46,000, ಗೇರ್‌ಬಾಕ್ಸ್‌ನ ನೆನಪಿನಲ್ಲಿ 71,000 ಅಂದರೆ ಅಲ್ಲಿಗೆ ಮಾತು ಮುಗಿಯಿತು.

ಗೇರ್‌ಬಾಕ್ಸ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಿಮ್ಮ ಆರ್‌ಎಸ್‌ನದ್ದು ಆರು ಗೇರಿನ, ಆಯಿಲ್‌ನಲ್ಲಿ ಮುಳುಗಿರುವ ಕ್ಲಚ್ಚಿನ ಡಿಎಸ್‌ಜಿ. ನಾನು ಕೊಂಡಿದ್ದ ಪೋಲೊದ ಒಣ ಕ್ಲಚ್ಚಿನ ಡಬ್ಬದಷ್ಟು ತಕರಾರಿನದ್ದಲ್ಲ, ಗಟ್ಟಿಮುಟ್ಟು. ಆದರೆ ಪ್ರತಿ 60,000 ಕಿ.ಮೀ.ಗೆ ಅದರ ಆಯಿಲ್ ಮತ್ತು ಫಿಲ್ಟರ್ ಬದಲಿಸಲೇಬೇಕು. ಇಲ್ಲಿ ಒಂದು ತಮಾಷೆ ಇದೆ. 46,000 ಓಡಿದ ಗಾಡಿಗೆ ಇನ್ನೂ ಆ ಸರ್ವಿಸ್ ಬಂದೇ ಇಲ್ಲ. ಮಾರುವವರು ಹೆಮ್ಮೆಯಿಂದ "ಈಗಷ್ಟೇ ಡಿಎಸ್‌ಜಿ ಆಯಿಲ್ ಮಾಡಿಸಿದೆ" ಅಂದರೆ ಎರಡು ಅರ್ಥ. ಒಂದು, ಟ್ಯೂನ್ ಮಾಡಿದ ಗಾಡಿ ಅಂತ ಮುಂಚೆಯೇ ಮಾಡಿಸಿದ ಜವಾಬ್ದಾರಿ ಮನುಷ್ಯ. ಇನ್ನೊಂದು, 60,000 ದಾಟಿ ಬಹಳ ದಿನ ಆಗಿದೆ. ಬಿಲ್ ಕೇಳಿ, ಅದರಲ್ಲಿ ಕಿ.ಮೀ. ಇರುತ್ತದೆ. ಓಡಿಸುವಾಗ ಗಮನಿಸಬೇಕಾದ್ದು ನಿಧಾನದ ವೇಗದಲ್ಲಿ. ಟ್ರಾಫಿಕ್ಕಿನಲ್ಲಿ ಹೊರಡುವಾಗ ನಡುಗುತ್ತಾ? ನಿಲ್ಲುವ ಮುಂಚೆ ಎರಡರಿಂದ ಒಂದಕ್ಕೆ ಇಳಿಯುವಾಗ ಡಬ್ ಅಂತ ಹೊಡೆಯುತ್ತಾ? ಫುಲ್ ಆಕ್ಸಿಲರೇಟರ್ ಒತ್ತಿ "ಸೂಪರ್ ಪಿಕಪ್" ಅನ್ನುವುದು ಪರೀಕ್ಷೆ ಅಲ್ಲ, ಮೋಜು.

ಒಮ್ಮೆ ಮಾತ್ರ ಹಾಗೆ ಒತ್ತಲೇಬೇಕು, ಲ್ಯಾಪ್‌ಟಾಪ್ ಕಟ್ಟಿಕೊಂಡು. ಗಾಡಿ ಪೂರ್ತಿ ಬಿಸಿಯಾದ ಮೇಲೆ, ಖಾಲಿ ರಸ್ತೆಯಲ್ಲಿ, ಮೂರನೇ ಗೇರಿನಲ್ಲಿ ಕೆಳಗಿನಿಂದ ಮೇಲಿನವರೆಗೆ ಒಂದು ಸಲ. ಇಸಿಯು (ಇಂಜಿನ್ನಿನ ಕಂಪ್ಯೂಟರ್) ಎಷ್ಟು ಬೂಸ್ಟ್ (ಗಾಳಿಯ ಒತ್ತಡ) ಕೇಳಿತು, ಟರ್ಬೊ ಎಷ್ಟು ಕೊಟ್ಟಿತು, ಯಾವ ಸಿಲಿಂಡರಿನಲ್ಲಿ ಮಿಸ್‌ಫೈರ್ ಆಯಿತು, ನಾಕ್ ಆಗಿ (ಪೆಟ್ರೋಲ್ ಅಕಾಲದಲ್ಲಿ ಹೊತ್ತಿಕೊಂಡು) ಕಿಡಿಯ ಟೈಮಿಂಗ್ ಎಷ್ಟು ಹಿಂದೆ ಸರಿಯಿತು, ಎಲ್ಲಾ ಸಾಲಾಗಿ ದಾಖಲಾಗುತ್ತದೆ. ಕೇಳಿದ್ದಕ್ಕಿಂತ ಬಹಳ ಕಡಿಮೆ ಬೂಸ್ಟ್ ಬಂದರೆ ಎಲ್ಲೋ ಗಾಳಿ ಸೋರುತ್ತಿದೆ ಅಥವಾ ಟರ್ಬೊ ಸುಸ್ತಾಗಿದೆ. ಆ ಫೈಲನ್ನು ನನಗೆ ಕಳಿಸಿ, ನೋಡಿ ಹೇಳುತ್ತೇನೆ.

ಟ್ಯೂನ್ ತೆಗೆಸಿದ್ದೇವೆ ಅನ್ನುವ ಮಾತಿಗೆ ಬರೋಣ. ಸ್ಟೇಜ್ 1 ಅಂದರೆ ಸಾಮಾನ್ಯವಾಗಿ ಬರೀ ಸಾಫ್ಟ್‌ವೇರ್. ಅದೇ ಒಂದು ಪಾಪ ಅಂತ ನಾನು ಹೇಳುವುದಿಲ್ಲ. ಒಳ್ಳೆ ಪೆಟ್ರೋಲ್ ಹಾಕಿ, ಆಯಿಲ್ ಬೇಗ ಬೇಗ ಬದಲಿಸಿದ ಸ್ಟೇಜ್ 1 ಗಾಡಿ, ಸರ್ವಿಸ್ಸೇ ಕಾಣದ ಕಂಪನಿ ಗಾಡಿಗಿಂತ ವಾಸಿ. ಅನುಮಾನ ಇರುವುದು ಬೇರೆ. ನಿಜವಾಗಿ ಸ್ಟೇಜ್ 1ಕ್ಕೇ ನಿಂತಿತ್ತಾ? ಸ್ಟೇಜ್ 2 ಮಾಡಿದವರು ಡೌನ್‌ಪೈಪ್ (ಟರ್ಬೊದಿಂದ ಹೊಗೆ ಹೊರಹೋಗುವ ಪೈಪ್) ಬದಲಿಸಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕಿತ್ತು ಹಾಕಿರುತ್ತಾರೆ. ಮಾರುವಾಗ ಹಳೆಯದನ್ನು ಮತ್ತೆ ಕೂರಿಸುತ್ತಾರೆ. ಲಿಫ್ಟ್ ಮೇಲೆ ನೋಡಿದರೆ ಬೋಲ್ಟು, ಕ್ಲ್ಯಾಂಪುಗಳ ಮೇಲೆ ಹೊಸ ಸ್ಪ್ಯಾನರ್ ಗುರುತು ಹೊಳೆಯುತ್ತಿರುತ್ತದೆ. ಇಸಿಯುನಲ್ಲಿ ಎಷ್ಟು ಸಲ ಸಾಫ್ಟ್‌ವೇರ್ ಬರೆದಿದ್ದಾರೆ ಅನ್ನುವ ಎಣಿಕೆ ಇರುತ್ತದೆ. ಜಾಣ ಟ್ಯೂನರ್‌ಗಳು ಅದನ್ನೂ ಸರಿಮಾಡುತ್ತಾರೆ ಅನ್ನಿ. ಕಂಪನಿಯ ದಾಖಲೆಯಲ್ಲಿ ಟಿಡಿ1 ಅಂತ ಗುರುತು ಬಿದ್ದಿದ್ದರೆ, ಬದಲಾದ ಸಾಫ್ಟ್‌ವೇರ್ ಅವರ ಕಣ್ಣಿಗೆ ಒಮ್ಮೆ ಬಿದ್ದಿದೆ ಅಂತ ಅರ್ಥ. ಸರ್ವಿಸ್ ಸೆಂಟರ್‌ನಲ್ಲಿ ಮಾಲೀಕರ ಎದುರೇ ಕೇಳಿದರೆ ಗೊತ್ತಾಗಬಹುದು.

ಟ್ಯೂನ್ ಆಗಿದ್ದ ಗಾಡಿಗೆ ನಾನು ಕಂಪ್ರೆಶನ್ ಟೆಸ್ಟ್, ಅಂದರೆ ಪ್ರತಿ ಸಿಲಿಂಡರಿನ ಒತ್ತಡ ಅಳೆಯುವ ಪರೀಕ್ಷೆ, ಬಿಡುವುದಿಲ್ಲ. ನಾಲ್ಕು ಸ್ಪಾರ್ಕ್ ಪ್ಲಗ್ ಬಿಚ್ಚಬೇಕು. ಬಿಚ್ಚಿದಾಗ ಅವುಗಳ ಬಣ್ಣ ನೋಡಿ, ಅದೇ ತೂತಿನಿಂದ ಸಣ್ಣ ಕ್ಯಾಮೆರಾ ಇಳಿಸಿ ಸಿಲಿಂಡರ್ ಗೋಡೆಯಲ್ಲಿ ಗೀರು ಇದೆಯಾ ನೋಡಬೇಕು. ನಾಲ್ಕರ ಅಂಕಿಯೂ ಹತ್ತಿರ ಹತ್ತಿರ ಇರಲಿ. ಅತಿ ಹೆಚ್ಚಿನದಕ್ಕೂ ಅತಿ ಕಡಿಮೆಯದಕ್ಕೂ ಶೇ 10ಕ್ಕಿಂತ ಜಾಸ್ತಿ ಅಂತರ ಬಂದರೆ ನಾನು ಯೋಚಿಸುತ್ತೇನೆ. ಶೇ 15 ದಾಟಿದರೆ ಬಿಟ್ಟುಬಿಡುತ್ತೇನೆ. ಮಾಲೀಕರು ಇದಕ್ಕೆ ಒಪ್ಪದೆ ಇರಬಹುದು. ಅವರ ಗಾಡಿ, ಅವರ ಹಕ್ಕು. ಕೊಳ್ಳದೆ ಇರುವುದು ನಿಮ್ಮ ಹಕ್ಕು.

ಬಾಡಿ ವಿಷಯ ಬೇಗ ಮುಗಿಸುತ್ತೇನೆ. ಪೇಂಟ್ ದಪ್ಪ ಅಳೆಯುವ ಮೀಟರ್ ಇಲ್ಲದವರನ್ನು ಕಳಿಸಲೇಬೇಡಿ. ಕಂಪನಿ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸು ಇರುತ್ತದೆ. 250–300 ಬಂದರೆ ಮತ್ತೆ ಬಣ್ಣ ಹೊಡೆದಿದ್ದಾರೆ. 500 ದಾಟಿದರೆ ಒಳಗೆ ಪುಟ್ಟಿ ತುಂಬಿದ್ದಾರೆ. ಡೋರಿನಲ್ಲಿ, ಫೆಂಡರಿನಲ್ಲಿ ಹೆಚ್ಚು ಬಂದರೆ ತಲೆ ಕೆಡಿಸಿಕೊಳ್ಳಬೇಡಿ, ದೆಹಲಿ ಸುತ್ತಮುತ್ತಲ (ಎನ್‌ಸಿಆರ್) ಟ್ರಾಫಿಕ್ಕಿನಲ್ಲಿ ಗೀರು ಬೀಳದ ಗಾಡಿ ಇದ್ದರೆ ಅದು ಶೋರೂಮಿನಲ್ಲೇ ಇರಬೇಕು. ಪಿಲ್ಲರಿನಲ್ಲಿ, ರೂಫಿನಲ್ಲಿ ಹೆಚ್ಚು ಬಂದರೆ ಮಾತ್ರ ಹಿಂದೆ ಸರಿಯಿರಿ. ಸೀಟ್ ಬೆಲ್ಟ್ ಪೂರ್ತಿ ಎಳೆಯಲು ಹೇಳುವುದನ್ನು ಮರೆಯಬೇಡಿ. ಕಾರ್ಪೆಟ್ ಕೆಳಗೆ, ಸ್ಪೇರ್ ವೀಲ್ ಗುಂಡಿಯಲ್ಲಿ, ಸೀಟಿನ ಹಳಿಗಳ ಮೇಲೆ ಮಣ್ಣು, ತುಕ್ಕು ನೋಡಲಿ.

ಇನ್ನೊಂದು ಮಾತು, ನಿಮ್ಮೂರಿನವರಿಗೆ ಅಂತಲೇ. ಚಿಕ್ಕಮಗಳೂರಿನ ತೋಟದ ರಸ್ತೆಗಳಲ್ಲಿ ರ‍್ಯಾಲಿ ನೋಡಿಕೊಂಡೇ ಬೆಳೆದವರು ನೀವು. ರ‍್ಯಾಲಿ ಚಾಲಕ ಗೌರವ್ ಗಿಲ್ 2016ರಲ್ಲಿ ಸ್ಕೋಡಾ ಫ್ಯಾಬಿಯಾ ಆರ್5 ಓಡಿಸಿದ್ದನ್ನು ನೋಡಿದ್ದರೆ ಸ್ಕೋಡಾ ಹುಚ್ಚು ಎಲ್ಲಿಂದ ಹತ್ತಿತು ಅಂತ ನನಗೂ ಗೊತ್ತಾಗುತ್ತದೆ! ಆದರೆ ರ‍್ಯಾಲಿ, ಟ್ರ್ಯಾಕ್, ಆಟೋಕ್ರಾಸ್ ಆಡಿದ ಗಾಡಿಗಳೂ ಮಾರಾಟಕ್ಕೆ ಬರುತ್ತವೆ, ಅದನ್ನು ಯಾರೂ ಜಾಹೀರಾತಿನಲ್ಲಿ ಬರೆಯುವುದಿಲ್ಲ. ಕಾರ್ಪೆಟ್ ಎತ್ತಿದಾಗ ನೆಲದ ತಗಡಿನಲ್ಲಿ ತೂತು ಮುಚ್ಚಿದ ವೆಲ್ಡಿಂಗ್ ಕಂಡರೆ ಅಲ್ಲಿ ರೋಲ್ ಕೇಜ್ (ರೇಸ್ ಗಾಡಿಯೊಳಗಿನ ರಕ್ಷಣೆಯ ಚೌಕಟ್ಟು) ಇತ್ತು ಅಂತ ತಿಳಿಯಿರಿ. ಬ್ರೇಕ್ ಡಿಸ್ಕ್ ಅಂಚಿನಲ್ಲಿ ಎದ್ದ ತುಟಿ, ನೀಲಿ ಬಣ್ಣಕ್ಕೆ ತಿರುಗಿದ ಮೈ, ಭುಜ ಸವೆದ ಟೈರು, ಇವೆಲ್ಲ ಅದೇ ಕಥೆ ಹೇಳುತ್ತವೆ.

ಇನ್ನು ಕಾಗದಪತ್ರ. ಇದನ್ನು ತೋಟದ ಜಗಲಿಯಲ್ಲಿ ಕೂತೇ ಮಾಡಬಹುದು. ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ಎಷ್ಟನೇ ಮಾಲೀಕರು, ಸಾಲ ಇದೆಯಾ, ಇನ್ಶೂರೆನ್ಸ್ ಯಾವತ್ತಿನವರೆಗೆ ಎಂಬುದು ಗೊತ್ತಾಗುತ್ತದೆ. ಸಾಲ ಇದ್ದಿದ್ದರೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರ್ಮ್ 35 ಬೇಕು. ಹರಿಯಾಣದ ಆರ್‌ಟಿಒ ಕೊಡುವ ಎನ್‌ಒಸಿ, ಅಂದರೆ ಫಾರ್ಮ್ 28, ಚಿಕ್ಕಮಗಳೂರು ಆರ್‌ಟಿಒ ಹೆಸರಿಗೇ ಇರಬೇಕು. ಅಲ್ಲಿ ಸುಮ್ನೆ "ಕರ್ನಾಟಕ" ಅಥವಾ "ಬೆಂಗಳೂರು" ಅಂತ ಬರೆಸಿಕೊಂಡು ಬಂದರೆ ಕೆಎ 18 ನಂಬರಿಗಾಗಿ ಅಲೆಯುತ್ತೀರಿ.

ದೆಹಲಿ ಕಡೆಯ ಗಾಡಿ ಅಗ್ಗ ಅಂತ ಎಲ್ಲರೂ ಹೇಳುತ್ತಾರೆ. 2015ರಲ್ಲಿ ಹಸಿರು ನ್ಯಾಯಮಂಡಳಿ, 2018ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶಗಳಿಂದ ಅಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳಿಗೆ ಕುತ್ತು ಬಂತು. ನಿಮ್ಮದು ಪೆಟ್ರೋಲ್, 2018ರದ್ದು, ಆ ಅವಸರ ಇದಕ್ಕಿಲ್ಲ. ಆ ಕಾರಣಕ್ಕೆ ಮಾರುತ್ತಿದ್ದೇವೆ ಅಂದರೆ ನಂಬಬೇಡಿ. ಮತ್ತೆ ಅಗ್ಗ ಅನ್ನುವುದು ಇಲ್ಲಿ ಬಂದು ಟ್ಯಾಕ್ಸ್ ಕಟ್ಟುವವರೆಗೆ ಮಾತ್ರ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಹೊಸ ಕಾರಿಗೆ ಲೈಫ್‌ಟೈಮ್ ಟ್ಯಾಕ್ಸ್ ಶೇ 18, ಅದರ ಮೇಲೆ ಸೆಸ್ಸು. ಹೊರರಾಜ್ಯದ ಹಳೇ ಗಾಡಿಗೆ ವಯಸ್ಸು ನೋಡಿ ಕಡಿಮೆ ಮಾಡುತ್ತಾರೆ. ಆದರೆ ಲೆಕ್ಕ ಶುರುವಾಗುವುದು ನೀವು ಕೊಟ್ಟ ದುಡ್ಡಿನಿಂದಲ್ಲ, ಹೊಸದರ ಬೆಲೆಯಿಂದ. ಆರ್‌ಎಸ್ 2017ರಲ್ಲಿ ಬಂದಾಗಲೇ 24 ಲಕ್ಷ ದಾಟಿತ್ತು. ಚಿಕ್ಕಮಗಳೂರು ಆರ್‌ಟಿಒದಲ್ಲಿ ಮೊದಲೇ ಲೆಕ್ಕ ಹಾಕಿಸಿ, ಆಮೇಲೆ ಬೆಲೆ ಮಾತಾಡಿ. ಹರಿಯಾಣದಲ್ಲಿ ಕಟ್ಟಿದ ಟ್ಯಾಕ್ಸ್ ವಾಪಸ್ ಬರುತ್ತದೆ ಅಂತ ಅದನ್ನು ಬಜೆಟ್ಟಿಗೆ ಸೇರಿಸಬೇಡಿ. ಬಂದರೆ ಬಂತು.

ಇಷ್ಟೆಲ್ಲ ಮಾಡಿಸಿದ ಮೇಲೂ ಫೋನಿನಲ್ಲೇ ಪೂರ್ತಿ ದುಡ್ಡು ಕಳಿಸಬೇಡಿ. ಈ ಪರೀಕ್ಷೆ ನಡೆಯುವುದು ನೀವು ದೆಹಲಿಗೆ ಟಿಕೆಟ್ ಬುಕ್ ಮಾಡಬೇಕಾ ಬೇಡವಾ ಅಂತ ತಿಳಿಯಲು. ಸರಿ ಅನ್ನಿಸಿದರೆ, "ನಾನು ಬಂದು ನೋಡಿ ಒಪ್ಪದಿದ್ದರೆ ವಾಪಸ್" ಅಂತ ಬರಹದಲ್ಲಿ ತೆಗೆದುಕೊಂಡು ಸಣ್ಣ ಟೋಕನ್ ಕೊಡಿ. ಹೋಗಿ, ಒಂದು ತಾಸು ಓಡಿಸಿ, ಚಾಸಿಸ್ ನಂಬರನ್ನು ಆರ್‌ಸಿ ಜೊತೆ ನಿಮ್ಮ ಕೈಯಾರೆ ತಾಳೆ ನೋಡಿ. ವಾಪಸ್ ಬರುವಾಗ ಎರಡು ಸಾವಿರ ಕಿ.ಮೀ.ಗೂ ಜಾಸ್ತಿ ಇದೆ, ಗೊತ್ತಿಲ್ಲದ ಗಾಡಿಯಲ್ಲಿ ಹೀರೋಗಿರಿ ಬೇಡ, ಟ್ರಕ್ಕಿಗೆ ಹಾಕಿಸಿ. ಇಲ್ಲಿಗೆ ಬಂದ ಮೇಲೆ ದೊಡ್ಡ ಕೆಲಸಕ್ಕೆ ಮಂಗಳೂರು ಅಥವಾ ಬೆಂಗಳೂರೇ ಗತಿ ಅನ್ನುವುದೂ ನೆನಪಿರಲಿ. ತಗ್ಗಿನ ಗಾಡಿ ಬೇರೆ. ನಿಮ್ಮ ತೋಟದ ಗೇಟಿನ ಹತ್ತಿರದ ಹಂಪ್ ದಾಟುತ್ತಾ ಅಂತ ಈಗಲೇ ಒಂದು ಟೇಪ್ ಹಿಡಿದು ಅಳೆದುಬಿಡಿ.

ಈಗ ನೀವು ಕಳಿಸಿದ ಫೋಟೋಗಳು. ಬಲಗಡೆ ಹೆಡ್‌ಲ್ಯಾಂಪ್ ವಯಸ್ಸಿಗೆ ತಕ್ಕಂತೆ ಸ್ವಲ್ಪ ಮಬ್ಬಾಗಿದೆ. ಎಡಗಡೆಯದು ಫಳಫಳ ಅನ್ನುತ್ತಿದೆ. ಇನ್ಶೂರೆನ್ಸ್ ಪ್ರತಿಯಲ್ಲಿ ನೋ ಕ್ಲೇಮ್ ಬೋನಸ್ ಶೇ 20 ಅಂತಿದೆ. ಒಂದೂ ಕ್ಲೇಮ್ ಮಾಡದಿದ್ದರೆ ಅದು ಮೊದಲ ವರ್ಷಕ್ಕೆ 20, ಆಮೇಲೆ 25, 35, 45, ಕೊನೆಗೆ 50 ಹೀಗೆ ಏರುತ್ತದೆ. ಅವರ ಬಳಿ ನಾಲ್ಕು ವರ್ಷ ಇರುವ ಗಾಡಿಗೆ ಇನ್ನೂ 20 ಅಂದರೆ ನಡುವೆ ಒಮ್ಮೆ ಕ್ಲೇಮ್ ಆಗಿ ಸೊನ್ನೆಗೆ ಬಿದ್ದು ಮತ್ತೆ ಹತ್ತಿದೆ. ಬರೀ ಗ್ಲಾಸ್ ಒಡೆದು ಕ್ಲೇಮ್ ಮಾಡಿದ್ದರೂ ಹೀಗಾಗುತ್ತದೆ, ಅನ್ಯಾಯ ಮಾಡಬಾರದು. ಆದರೆ ಆ ಹೊಸ ಹೆಡ್‌ಲ್ಯಾಂಪ್ ಪಕ್ಕದಲ್ಲಿಟ್ಟು ನೋಡಿದರೆ ನನಗೆ ಎಡಗಡೆಯ ಮುಂಭಾಗದ ಮೇಲೇ ಕಣ್ಣು.

ಮೆಕ್ಯಾನಿಕ್ ಹುಡುಕುವ ಮುಂಚೆ ಇವತ್ತು ಸಂಜೆಯೇ ಮಾರುವವರಿಗೆ ಒಂದು ಫೋನ್ ಮಾಡಿ. ಆ ಕ್ಲೇಮ್ ಯಾವುದಕ್ಕೆ, ಎಷ್ಟಕ್ಕೆ ಆಗಿದ್ದು ಅಂತ ಕೇಳಿ, ಬಿಲ್ ಕಳಿಸಲು ಹೇಳಿ. ರಿಪೋರ್ಟ್ ನೋಡಿ ಸರ್, ಎಲ್ಲಾ ಅದರಲ್ಲೇ ಇದೆ ಅಂದರೆ ನಿಮ್ಮ ಹತ್ತು ಸಾವಿರ ಉಳಿಯಿತು. ಬಿಲ್ ಕಳಿಸಿದರೆ ಅದನ್ನು ನನಗೂ ಕಳಿಸಿ, ಲಿಫ್ಟ್ ಮೇಲೆ ಎಲ್ಲಿಂದ ಶುರು ಮಾಡಬೇಕು ಅಂತ ಆಗ ಹೇಳುತ್ತೇನೆ.